ಕಾರು ತೊಳೆಯುವುದು ಎಲ್ಲಿ: ಯಂತ್ರದಲ್ಲೋ, ಸರ್ವೀಸ್ ಸ್ಟೇಷನ್ನಿನಲ್ಲೋ, ಮನೆಯ ಮುಂದೋ?

ಸಂಜೆಯ ಓರೆ ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ಟನ್ನು ಒಮ್ಮೆ ಗಮನಿಸಿ ನೋಡಿ. ಜೇಡರಬಲೆಯಂತೆ ಸುತ್ತಿಕೊಂಡ ಸಣ್ಣ ಗೀರುಗಳು ಕಂಡರೆ, ಅವು ರಸ್ತೆಯಲ್ಲಿ ಬಿದ್ದವಲ್ಲ. ತೊಳೆಯುವಾಗ, ಒರೆಸುವಾಗ ಬಿದ್ದವು. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಗೀರು ತೆಗೆಯಲು ಪ್ರತಿ ಸಲ ಪಾಲಿಶ್ ಮಾಡಿಸಿದಾಗಲೂ ಈ ಪದರ ಒಂದಷ್ಟು ಸವೆಯುತ್ತದೆ, ಸವೆದದ್ದು ಮತ್ತೆ ಬರುವುದಿಲ್ಲ.

ಆದ್ದರಿಂದ ಎಲ್ಲಿ ತೊಳೆಸಬೇಕು ಎಂದು ತೀರ್ಮಾನಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಹೊಳಪಿನದೂ ಅಲ್ಲ, ದುಡ್ಡಿನದೂ ಅಲ್ಲ. ಬ್ರಷ್ಷಾಗಲಿ, ಬಟ್ಟೆಯಾಗಲಿ, ಸ್ಪಂಜಾಗಲಿ ಬಣ್ಣಕ್ಕೆ ತಾಗುವ ಮೊದಲು ಮಣ್ಣು, ಮರಳು ನೀರಿನಲ್ಲಿ ಇಳಿದುಹೋಗಿರುತ್ತದೆಯೇ? ಇಳಿದುಹೋಗಿದ್ದರೆ ಯಂತ್ರದಲ್ಲೂ ಕಾರು ಹಾಳಾಗುವುದಿಲ್ಲ. ಇಳಿಯದಿದ್ದರೆ ಮನೆಯಲ್ಲೇ ಎಷ್ಟು ಜೋಪಾನವಾಗಿ ಒರೆಸಿದರೂ ಗೀರು ತಪ್ಪುವುದಿಲ್ಲ.

ಮೊದಲು ಕೊಳೆ ಎಂಥದ್ದು ನೋಡಿ

ಒಂದೇ ವಿಧಾನ ಎಲ್ಲ ಕೊಳೆಗೂ ಸರಿಹೊಂದುವುದಿಲ್ಲ. ಕರ್ನಾಟಕದಲ್ಲಂತೂ ಜಿಲ್ಲೆ ದಾಟಿದರೆ ಕಾರಿಗೆ ಹತ್ತುವ ಮಣ್ಣೇ ಬದಲಾಗುತ್ತದೆ.

ಬೆಂಗಳೂರು, ಮೈಸೂರಿನಂಥ ಊರುಗಳ ಒಳಗೆ ಓಡಾಡುವ ಕಾರಿಗೆ ಹೆಚ್ಚಾಗಿ ಹತ್ತುವುದು ಸಣ್ಣ ಧೂಳು. ವಾರಕ್ಕೊಮ್ಮೆ ನೀರು ಕಂಡರೆ ಇದು ಸುಲಭವಾಗಿ ಹೋಗುತ್ತದೆ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಮಾತ್ರ ಹುಷಾರು. ಸಿಮೆಂಟ್ ಧೂಳಿಗೆ ರಾತ್ರಿಯ ಇಬ್ಬನಿ ಸೇರಿದರೆ ಅದು ಬಣ್ಣದ ಮೇಲೇ ಗಟ್ಟಿಯಾಗುತ್ತದೆ. ಅದನ್ನು ಒಣಬಟ್ಟೆಯಲ್ಲಿ ಒರೆಸುವುದೂ ಒಂದೇ, ಉಪ್ಪುಕಾಗದದಲ್ಲಿ ಉಜ್ಜುವುದೂ ಒಂದೇ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಸುತ್ತ ಕಾರು ನಿಲ್ಲಿಸುವವರಿಗೂ ಇದೇ ಮಾತು.

ವಿಜಯಪುರ, ಗದಗ, ಕಲಬುರಗಿ, ಧಾರವಾಡದ ಎರೆಮಣ್ಣು ಒದ್ದೆಯಾದಾಗ ಮೇಣದ ಹಾಗೆ ಅಂಟುತ್ತದೆ, ಒಣಗಿದರೆ ಹೆಂಟೆ ಕಟ್ಟುತ್ತದೆ. ಇದನ್ನು ಯಾವ ಬ್ರಷ್ ಯಂತ್ರವೂ ಸರಿಯಾಗಿ ತೆಗೆಯಲಾರದು. ಹತ್ತು ನಿಮಿಷ ನೆನೆಸಿ, ಆಮೇಲೆ ಪ್ರೆಷರ್ ನೀರಿನಲ್ಲಿ ಇಳಿಸಬೇಕು. ಮಲೆನಾಡಿನ ಮಳೆಗಾಲದ ಕೆಂಪು ಕೆಸರು ಮಡ್‌ಗಾರ್ಡಿನ ಒಳಮೂಲೆಗಳಲ್ಲಿ ಉಂಡೆಕಟ್ಟಿ ಕೂರುತ್ತದೆ. ಹೊರಗೆ ಕಾರು ಪಳಪಳ ಎನ್ನುತ್ತಿದ್ದರೂ ಒಳಗಿನ ಉಂಡೆ ಒದ್ದೆಯನ್ನು ಹಿಡಿದುಕೊಂಡು ತುಕ್ಕು ಹತ್ತಿಸುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯಲ್ಲಿ ಉಪ್ಪಿನ ಗಾಳಿ. ಬೀಚಿನ ಮರಳಿಗೆ ಇಳಿಸಿದ ಕಾರಿನ ಅಡಿಭಾಗಕ್ಕೆ ಅದೇ ದಿನ ಸಿಹಿನೀರು ಬೀಳಬೇಕು. ಸಂಡೂರು, ಹೊಸಪೇಟೆ ಕಡೆ ಅದಿರಿನ ಲಾರಿಗಳ ಹಿಂದೆ ಓಡಿದ ಬಿಳಿ ಕಾರಿನ ಮೇಲೆ ಕಂದು ಚುಕ್ಕೆಗಳು ಉಳಿಯುತ್ತವೆ. ಶಾಂಪೂವಿನಲ್ಲಿ ಹೋಗದ ಇವಕ್ಕೆ ಐರನ್ ರಿಮೂವರ್ ಎಂಬ ದ್ರಾವಣ ಬೇಕು. ಕಬ್ಬಿಣದ ಕಣಕ್ಕೆ ತಾಗಿದಾಗ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಾಗೆ ತಿರುಗಿದ ಮೇಲೆ, ಒಣಗುವುದರೊಳಗೆ ನೀರು ಹೊಡೆದು ತೊಳೆದುಬಿಡಬೇಕು.

ಒಟ್ಟಿನಲ್ಲಿ ಸಣ್ಣ ಧೂಳಾದರೆ ಮನೆಯಲ್ಲಿ ತೊಳೆದರೂ ಸೈ, ಒಳ್ಳೆಯ ಯಂತ್ರವಾದರೂ ಸೈ. ಕೆಸರು, ಎರೆಮಣ್ಣು, ಕಡಲ ಉಪ್ಪು ಇದ್ದರೆ ಜಾಕ್ ಮೇಲೆತ್ತಿ ಅಡಿಭಾಗಕ್ಕೆ ನೀರು ಹೊಡೆಯುವ ಸರ್ವೀಸ್ ಸ್ಟೇಷನ್ನೇ ಸರಿ. ಅಂಟು, ತಾರು, ಅದಿರಿನ ಚುಕ್ಕೆಗಳಿಗೆ ಕೈಯಲ್ಲಿ ಜಾಗ ಜಾಗ ನೋಡಿ ಮಾಡುವ ಕೆಲಸ ಬೇಕು, ಅದು ಮನೆಯಲ್ಲೇ ಚೆನ್ನಾಗಿ ಆಗುತ್ತದೆ.

ನೀರಿನ ವಿಚಾರ

ಬೆಂಗಳೂರಿನಲ್ಲಿ ಇರುವವರು ಇದನ್ನು ಬಿಡದೆ ಓದಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಮತ್ತೆ ಅದೇ ತಪ್ಪು ಮಾಡಿದರೆ ಇನ್ನೊಂದು 5,000, ಜೊತೆಗೆ ದಿನಕ್ಕೆ 500 ರೂಪಾಯಿ. 2025ರ ಫೆಬ್ರುವರಿಯಲ್ಲಿ ಬೇಸಿಗೆಗೆ ಮೊದಲೇ ಈ ಆದೇಶ ಮತ್ತೆ ಹೊರಬಿತ್ತು. ದಂಡ ಇರಲಿ ಬಿಡಲಿ, ನೂರು ಕಿಲೋಮೀಟರಿನಷ್ಟು ದೂರದಿಂದ ಪಂಪ್ ಮಾಡಿ ಮೇಲೆತ್ತಿದ ಕಾವೇರಿ ನೀರನ್ನು ಟಯರಿಗೆ ಸುರಿಯುವುದು ಸರಿಯಲ್ಲ.

ಪೈಪ್ ಬಿಟ್ಟುಕೊಂಡು ತೊಳೆದರೆ ನಿಮಿಷಕ್ಕೆ 10ರಿಂದ 15 ಲೀಟರ್ ಹೋಗುತ್ತದೆ. ಇಪ್ಪತ್ತು ನಿಮಿಷದಲ್ಲಿ 200-300 ಲೀಟರ್ ಖಾಲಿ. ಬಕೆಟ್ ಲೆಕ್ಕದಲ್ಲಿ ಅದೇ ಕಾರು 40 ಲೀಟರಿನಲ್ಲಿ ಸ್ವಚ್ಛವಾಗುತ್ತದೆ. ಮನೆಬಳಕೆಯ ಸಣ್ಣ ಪ್ರೆಷರ್ ವಾಷರ್ ನಿಮಿಷಕ್ಕೆ ಸುಮಾರು 6 ಲೀಟರ್ ತೆಗೆದುಕೊಳ್ಳುತ್ತದೆ. ಗನ್ನಿನ ಕುದುರೆ ಬಿಟ್ಟಾಗ ನೀರು ನಿಲ್ಲುವುದರಿಂದ ಒಂದು ಕಾರಿಗೆ 60-70 ಲೀಟರ್ ಸಾಕು.

ನೀರು ಎಷ್ಟು ಎನ್ನುವಷ್ಟೇ ಎಂಥದ್ದು ಎನ್ನುವುದೂ ಮುಖ್ಯ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಹೆಚ್ಚಿನ ಕಡೆ ಗಡಸು. ಬಿಸಿಲಲ್ಲಿ ಅದು ಹನಿಹನಿಯಾಗಿ ಒಣಗಿದರೆ ಸುಣ್ಣದ ಅಂಶ ಬಿಳಿ ಉಂಗುರವಾಗಿ ಉಳಿಯುತ್ತದೆ. ಆರ್‌ಓ ಫಿಲ್ಟರಿನಿಂದ ಆಚೆ ಹೋಗುವ ನೀರನ್ನು ಉಳಿಸಿ ಕಾರಿಗೆ ಹಾಕುವ ರೂಢಿ ಎಷ್ಟೋ ಮನೆಗಳಲ್ಲಿದೆ. ಉದ್ದೇಶ ಒಳ್ಳೆಯದು. ಆದರೆ ಫಿಲ್ಟರ್ ತೆಗೆದುಹಾಕಿದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ. ಟಯರು, ಮಡ್‌ಗಾರ್ಡ್ ಒಳಭಾಗಕ್ಕೆ ಬಳಸಿ, ಬಾನೆಟ್ಟಿಗೂ ಗಾಜಿಗೂ ಬೇಡ. ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರು ವಾಸನೆ ಇಲ್ಲದೆ ತಿಳಿಯಾಗಿದ್ದರೆ ಮೊದಲ ಸುತ್ತಿಗೆ ಧಾರಾಳವಾಗಿ ಆಗುತ್ತದೆ. ಕೊನೆಯ ಒಂದು ಬಕೆಟ್ ಮಾತ್ರ ಮೆದುನೀರಾಗಿರಲಿ. ಛಾವಣಿಯಿಂದ ಹಿಡಿದ ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲೂ ಲವಣ ಇಲ್ಲವೆನ್ನುವಷ್ಟು ಕಡಿಮೆ. ಒಂದು ಕ್ಯಾನಿನಲ್ಲಿ ಹಿಡಿದಿಟ್ಟರೆ ಗಾಜು ಒರೆಸಲು ಬರುತ್ತದೆ.

ನೊರೆನೀರು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ನೋಡಿ. ರಸ್ತೆ ಬದಿಯ ಮಳೆನೀರಿನ ಚರಂಡಿ ರಾಜಕಾಲುವೆಗೆ ಸೇರುತ್ತದೆ, ರಾಜಕಾಲುವೆ ಕೆರೆಗೆ. ಬೆಳ್ಳಂದೂರು ಕೆರೆಯಲ್ಲಿ ಎದ್ದ ನೊರೆಯ ಹಿಂದೆ ಇದ್ದದ್ದು ಊರಿನ ಕೊಳಚೆಯೊಂದಿಗೆ ಹರಿದುಬಂದ ಸೋಪು, ಡಿಟರ್ಜೆಂಟೇ. ಜಾಗ ಇದ್ದರೆ ಕಾರನ್ನು ಮಣ್ಣಿನ ನೆಲದ ಮೇಲೋ, ನೀರು ಒಳಚರಂಡಿಗೆ ಇಳಿಯುವ ಕಡೆಯೋ ನಿಲ್ಲಿಸಿ ತೊಳೆಯಿರಿ.

ದಿನಾ ಒರೆಸಿಸುವ ಪದ್ಧತಿ

ಗೀರುಗಳ ಮುಖ್ಯ ಮೂಲ ಇದೇ. ಬೆಳಗಿನ ಜಾವ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಒಬ್ಬರೇ ಇಪ್ಪತ್ತು ಮೂವತ್ತು ಕಾರು ಒರೆಸುತ್ತಾರೆ. ಕೈಯಲ್ಲಿ ಅರ್ಧ ಬಕೆಟ್ ನೀರು, ಒಂದು ಹಳೆಯ ಬಟ್ಟೆ. ಮೂರನೇ ಕಾರಿನ ಹೊತ್ತಿಗೆ ಬಕೆಟ್ಟಿನ ನೀರು ಕೆಸರಾಗಿರುತ್ತದೆ, ಆಮೇಲಿನ ಕಾರುಗಳಿಗೆಲ್ಲ ಅದೇ ಮರಳು ಸವರಿದಂತೆ. ಒರೆಸುವವರ ತಪ್ಪು ಇದರಲ್ಲಿ ಇಲ್ಲ. ಅವರಿಗೆ ಸಿಗುವ ನೀರೂ ಸಮಯವೂ ಅಷ್ಟೇ.

ಈ ವ್ಯವಸ್ಥೆ ಬಿಡಬೇಕಾಗಿಲ್ಲ, ಬದಲಾಯಿಸಿಕೊಳ್ಳಿ. ನಿಮ್ಮ ಕಾರಿಗೆಂದೇ ಮೂರು ಮೈಕ್ರೋಫೈಬರ್ ಬಟ್ಟೆ ಕೊಡಿ. ದಿನಾ ಗಾಜು, ಮಿರರ್, ಬಾಗಿಲ ಹಿಡಿ ಮಾತ್ರ ಒರೆಸಲಿ. ಬಾನೆಟ್, ರೂಫ್, ಬಾಗಿಲುಗಳನ್ನು ವಾರಕ್ಕೆರಡು ದಿನ ಹೊಸ ನೀರು ಹಾಕಿ ತೊಳೆಯಲಿ ಎಂದು ಮಾತಾಡಿಕೊಳ್ಳಿ. ತಿಂಗಳ ದುಡ್ಡು ಕಡಿಮೆ ಮಾಡಬೇಡಿ. ಮಾಡುವ ದಿನ ಹೆಚ್ಚು ನಿಧಾನವಾಗಿ ಮಾಡಲು ಅದು ಬೇಕು.

ಯಂತ್ರದಲ್ಲಿ ತೊಳೆಸುವುದಾದರೆ

ಆಟೊಮ್ಯಾಟಿಕ್ ವಾಶ್‌ನಲ್ಲಿ ಎರಡು ನಮೂನೆ. ಒಂದರಲ್ಲಿ ಕಾರು ನಿಂತಲ್ಲೇ ನಿಲ್ಲುತ್ತದೆ, ಕಮಾನಿನಂಥ ಯಂತ್ರ ಹಿಂದೆ ಮುಂದೆ ಓಡಾಡುತ್ತದೆ. ಇನ್ನೊಂದು ಸುರಂಗದ ಮಾದರಿ, ಕೆಳಗಿನ ಪಟ್ಟಿ ಕಾರನ್ನೇ ಎಳೆದುಕೊಂಡು ಹೋಗುತ್ತದೆ. ತಾಗುವ ಭಾಗದಲ್ಲೂ ವ್ಯತ್ಯಾಸ ಉಂಟು: ಹಳೆಯವಲ್ಲಿ ನೈಲಾನ್ ಎಳೆಯ ಬ್ರಷ್ಷು, ಈಚಿನವಲ್ಲಿ ಮೆತ್ತನೆಯ ಫೋಮ್ ಅಥವಾ ಬಟ್ಟೆಪಟ್ಟಿ. ಏನೂ ತಾಗಿಸದೆ ರಾಸಾಯನಿಕ ಮತ್ತು ಒತ್ತಡದ ನೀರಿನಲ್ಲೇ ತೊಳೆಯುವ ಯಂತ್ರಗಳೂ ಇವೆ. ಅವು ಗೀರು ಹಾಕುವುದಿಲ್ಲ, ಆದರೆ ಅವುಗಳ ದ್ರಾವಣ ಖಾರವಾಗಿರುವುದರಿಂದ ಬಣ್ಣದ ರಕ್ಷಣೆಗೆ ಹಚ್ಚುವ ಮೇಣ, ಅಂದರೆ ವ್ಯಾಕ್ಸ್, ಬೇಗ ಕಿತ್ತುಹೋಗುತ್ತದೆ.

ಯಂತ್ರದ ಲಾಭ ಸಮಯ: ಹತ್ತು ನಿಮಿಷದೊಳಗೆ ಕಾರು ಆಚೆ. ಬಳಸಿದ ನೀರನ್ನೇ ಸೋಸಿ ಮತ್ತೆ ಬಳಸುವ ಘಟಕವಾದರೆ ನೀರೂ ಉಳಿತಾಯ. ಹಣ ಕೊಡುವ ಮೊದಲು ನಿಮ್ಮ ಮುಂದಿನ ಎರಡು ಕಾರು ತೊಳೆಯುವುದನ್ನು ನಿಂತು ನೋಡಿ. ಬ್ರಷ್ ತಿರುಗುವ ಮೊದಲು ಯಾರಾದರೂ ಪ್ರೆಷರ್ ನೀರು ಹೊಡೆದು ಮಣ್ಣು ಇಳಿಸುತ್ತಾರೆಯೇ? ಒಂದು ಕಾರು ಹೋದ ಮೇಲೆ ಬ್ರಷ್ಷಿಗೆ ನೀರು ಬಿಟ್ಟು ತೊಳೆಯುತ್ತಾರೆಯೇ? ಎರಡಕ್ಕೂ ಇಲ್ಲ ಎಂದಾದರೆ ವಾಪಸ್ ಬನ್ನಿ. ಮುಂದಿನ ಜೀಪಿನ ಕೆಸರು ನಿಮ್ಮ ಬಾಗಿಲಿಗೆ ಉಜ್ಜುವುದು ಖಂಡಿತ.

ಒಳಗೆ ಹೋಗುವ ಮುಂಚೆ ಮಾಡಬೇಕಾದ್ದು ಇಷ್ಟು. ಮಿರರ್ ಮಡಚಿ, ಗಾಜು ಮತ್ತು ಸನ್‌ರೂಫ್ ಪೂರ್ತಿ ಮುಚ್ಚಿ. ತಿರುಗಿಸಿ ತೆಗೆಯುವ ಕಡ್ಡಿ ಆಂಟೆನಾ ಬಿಚ್ಚಿಡಿ. ಮಳೆ ಕಂಡರೆ ತಾನೇ ಓಡುವ ವೈಪರ್ ಇದ್ದರೆ ಅದನ್ನು ಆಫ್ ಮಾಡಿ, ಇಲ್ಲವಾದರೆ ಬ್ರಷ್ಷಿಗೆ ಸಿಕ್ಕಿ ತೋಳು ಬಾಗುತ್ತದೆ. ಬಂಪರ್ ಅಡಿ ಕಾಲಾಡಿಸಿದರೆ ಡಿಕ್ಕಿ ತೆರೆಯುವ ಕಾರಾದರೆ, ನೀರಿನ ಹೊಡೆತಕ್ಕೂ ಅದು ತೆರೆದುಕೊಳ್ಳಬಹುದು. ಕೀಯನ್ನು ಕಾರಿನಿಂದ ದೂರ ಇಡಿ ಅಥವಾ ಆ ಸೌಲಭ್ಯವನ್ನು ನಿಲ್ಲಿಸಿ. ಸುರಂಗದ ಯಂತ್ರದಲ್ಲಿ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಇಳಿಸಿರಬೇಕು, ನಿಂತಾಗ ಬ್ರೇಕನ್ನು ತಾನೇ ಹಿಡಿದಿಡುವ ಆಟೊ ಹೋಲ್ಡ್ ಆಫ್ ಇರಬೇಕು. ಕೆಲವು ಆಟೊಮ್ಯಾಟಿಕ್ ಕಾರುಗಳು ಎಂಜಿನ್ ಆಫ್ ಮಾಡಿದ ಕೂಡಲೇ ತಾವೇ ಪಾರ್ಕ್‌ಗೆ ಹೋಗುತ್ತವೆ, ಪಟ್ಟಿ ಎಳೆಯುತ್ತಿರುವಾಗ ಚಕ್ರ ಬಿಗಿಯುತ್ತದೆ. ಅಂಥ ಕಾರನ್ನು ನ್ಯೂಟ್ರಲ್‌ನಲ್ಲೇ ನಿಲ್ಲಿಸುವ ಕ್ರಮ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಚಾರ್ಜಿಂಗ್ ಮುಚ್ಚಳ ಲಾಕ್ ಆಗಿದೆಯೇ ಎಂದು ಕೈಯಲ್ಲಿ ಒತ್ತಿ ನೋಡಿ.

ಮ್ಯಾಟ್ ಬಣ್ಣದ ಕಾರು, ಛಾವಣಿಯ ಮೇಲೆ ಕ್ಯಾರಿಯರ್ ಇರುವ ಕಾರು, ಟಿಂಕರಿಂಗ್ ಆಗಿ ಹೊಸದಾಗಿ ಪೇಂಟ್ ಮಾಡಿಸಿದ ಕಾರು, ಬಂಪರ್ ಕ್ಲಿಪ್ ಸಡಿಲವಾದ ಹಳೆಯ ಕಾರು, ಇವು ಬ್ರಷ್ಷಿನ ಒಳಗೆ ಹೋಗಬಾರದು. ಶೋರೂಮಿನ ಹೊಸ ಕಾರಿನ ಬಣ್ಣ ಕಾರ್ಖಾನೆಯಲ್ಲೇ ಕಾವಿನಲ್ಲಿ ಬೆಂದು ಗಟ್ಟಿಯಾಗಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಗ್ಯಾರೇಜಿನಲ್ಲಿ ಹೊಡೆದ ಬಣ್ಣ ಪೂರ್ತಿ ಹದಗೊಳ್ಳಲು ವಾರಗಳು ಬೇಕು. ಅಲ್ಲಿಯವರೆಗೆ ಬರಿ ನೀರು, ಮೆತ್ತನೆ ಬಟ್ಟೆ ಸಾಕು. ವ್ಯಾಕ್ಸ್ ಕೂಡ ಬೇಡ.

ಸರ್ವೀಸ್ ಸ್ಟೇಷನ್ನಿನ ವಾಟರ್ ವಾಶ್

ನಮ್ಮಲ್ಲಿ ಹೆಚ್ಚು ಜನ ಹೋಗುವುದು ಇಲ್ಲಿಗೇ. ಬೇರೆ ಎಲ್ಲಿಯೂ ಸಿಗದ ಒಂದು ಅನುಕೂಲ ಇಲ್ಲಿದೆ: ಜಾಕ್. ಕಾರನ್ನು ಮೇಲೆತ್ತಿ ಅಡಿಗೆ ನೀರು ಹೊಡೆಯುವುದು ಮನೆಯಲ್ಲಿ ಆಗದ ಕೆಲಸ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಕರಾವಳಿ ಪ್ರವಾಸದಿಂದ ಬಂದ ಕೂಡಲೇ ಇಷ್ಟನ್ನು ಮಾಡಿಸಿ.

ಒಳ್ಳೆಯ ಜಾಗದಲ್ಲಿ ಕೆಲಸ ಹೀಗೆ ನಡೆಯುತ್ತದೆ: ಮೊದಲು ಚಕ್ರ ಮತ್ತು ಅಡಿಭಾಗ, ಆಮೇಲೆ ಮೇಲಿಂದ ಕೆಳಕ್ಕೆ ಪ್ರೆಷರ್ ನೀರು, ಆಮೇಲೆ ಫೋಮ್ ಹೊಡೆದು ಐದು ನಿಮಿಷ ಬಿಡುವುದು, ಮತ್ತೆ ನೀರು, ಅದಾದ ಮೇಲಷ್ಟೇ ಕೈ. ಎಷ್ಟೋ ಕಡೆ ಫೋಮ್ ಬಿದ್ದ ಕೂಡಲೇ ಸ್ಪಂಜ್ ಹಾಕಿ ಉಜ್ಜತೊಡಗುತ್ತಾರೆ. ನೊರೆ ಮಣ್ಣನ್ನು ಸಡಿಲಿಸುವುದರೊಳಗೆ ಉಜ್ಜಿದರೆ ಅದರ ಕೆಲಸವೇ ವ್ಯರ್ಥ. ಅದೇ ಸ್ಪಂಜು ನೆಲಕ್ಕೆ ಬಿದ್ದು, ಟಯರ್ ಉಜ್ಜಿ, ಮತ್ತೆ ಬಾನೆಟ್ಟಿಗೆ ಬರುವುದನ್ನೂ ಕಾಣಬಹುದು. ಪಕ್ಕದಲ್ಲೇ ನಿಂತು ನೋಡಿ. ‘ಅಣ್ಣಾ, ನೊರೆ ಸ್ವಲ್ಪ ಇಳೀಲಿ. ಮೇಲಕ್ಕೆ ನಮ್ಮ ಬಟ್ಟೇನೇ ಹಾಕಿ’ ಎಂದು ಬಟ್ಟೆ ಕೈಗೆ ಕೊಟ್ಟರೆ ಯಾರೂ ಬೇಡ ಎನ್ನುವುದಿಲ್ಲ.

ಮೂರು ವಿಷಯಕ್ಕೆ ಖಡಾಖಂಡಿತವಾಗಿ ಬೇಡ ಎನ್ನಿ.

ಒಂದು, ಅಡಿಭಾಗಕ್ಕೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಸ್ಪ್ರೇ. ತುಕ್ಕು ಹಿಡಿಯದು ಎಂದು ಹೇಳಿ ಹೊಡೆಯುತ್ತಾರೆ, ಕಪ್ಪಗೆ ಮಿನುಗಿ ಚೆಂದವೂ ಕಾಣುತ್ತದೆ. ಆದರೆ ಎಣ್ಣೆ ತಾಗಿದ ರಬ್ಬರ್ ಬುಶ್, ಬೂಟುಗಳು (ಕೀಲುಗಳ ರಬ್ಬರ್ ಹೊದಿಕೆ) ಉಬ್ಬಿ ಮೆತ್ತಗಾಗಿ ಸೀಳುತ್ತವೆ, ಮರುದಿನದ ಧೂಳೆಲ್ಲ ಆ ಜಿಡ್ಡಿಗೇ ಅಂಟುತ್ತದೆ. ಬ್ರೇಕ್ ಡಿಸ್ಕಿಗೆ ಹನಿ ತಾಗಿದರೆ ಅಪಾಯ ಬೇರೆ. ತುಕ್ಕಿನ ಚಿಂತೆ ಇದ್ದರೆ ಸರಿಯಾದ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ.

ಎರಡು, ಬಾನೆಟ್ ಎತ್ತಿ ಎಂಜಿನ್ನಿಗೆ ಪ್ರೆಷರ್ ನೀರು. ಈಗಿನ ಎಂಜಿನ್ ಮೇಲೆ ಸೆನ್ಸರ್ ಕನೆಕ್ಟರುಗಳು, ಫ್ಯೂಸ್ ಬಾಕ್ಸ್, ಕಾಯಿಲ್‌ಗಳೇ ತುಂಬಿವೆ. ಒಳಗೆ ನೀರು ನುಗ್ಗಿದರೆ ಕಾರು ಅಲ್ಲೇ ಮಿಸ್ ಹೊಡೆಯುತ್ತದೆ, ಇಲ್ಲವೇ ವಾರದ ಮೇಲೆ ಕನೆಕ್ಟರ್ ಹಸಿರುಗಟ್ಟಿ ವಾರ್ನಿಂಗ್ ಲೈಟ್ ಹತ್ತುತ್ತದೆ. ಎಂಜಿನ್ ತಣ್ಣಗಿದ್ದಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೂರು, ಒಳಗಿನ ಡ್ಯಾಶ್‌ಬೋರ್ಡಿಗೆ ಜಿಡ್ಡು ಪಾಲಿಶ್. ಮಧ್ಯಾಹ್ನ ಅದರ ಪ್ರತಿಬಿಂಬ ಮುಂದಿನ ಗಾಜಿಗೆ ಹೊಡೆದು ರಸ್ತೆ ಮಸುಕಾಗುತ್ತದೆ. ಸ್ಟೇರಿಂಗ್, ಪೆಡಲ್‌ಗಳಿಗೆ ತಾಗಿದರೆ ಕೈಕಾಲು ಜಾರುತ್ತದೆ.

ಗನ್ ಹಿಡಿದವರು ಬಣ್ಣದಿಂದ ಒಂದು ಅಡಿಗಿಂತ ಹತ್ತಿರ ಬರಬಾರದು. ಕಲ್ಲೇಟಿಗೆ ಬಣ್ಣ ಕಿತ್ತ ಜಾಗ, ಸ್ಟಿಕ್ಕರಿನ ಅಂಚು, ಬಾಗಿಲ ರಬ್ಬರ್, ಪಾರ್ಕಿಂಗ್ ಸೆನ್ಸರ್, ರೇಡಿಯೇಟರಿನ ತೆಳು ರೆಕ್ಕೆಗಳು, ಟಯರಿನ ಪಕ್ಕದ ಗೋಡೆ, ಇಲ್ಲೆಲ್ಲ ಸೂಜಿಯಂಥ ಒಂದೇ ಧಾರೆ ಹೊಡೆಯಬಾರದು, ಬೀಸಣಿಗೆಯಾಗಿ ಹರಡುವ ನಾಝಲ್ ಇರಲಿ.

ಮನೆಯಲ್ಲೇ ತೊಳೆಯುವುದು

ಬಣ್ಣ ಉಳಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಸರಿಯಾಗಿ ಮಾಡಿದರೆ. ಹ್ಯಾಚ್‌ಬ್ಯಾಕ್‌ಗೆ ಮುಕ್ಕಾಲು ಗಂಟೆ, ದೊಡ್ಡ ಗಾಡಿಗೆ ಒಂದು ಗಂಟೆ ಬೇಕು.

ಬೇಕಾದ ಸಾಮಾನು: 15 ಲೀಟರಿನ ಎರಡು ಬಕೆಟ್, ಚಕ್ರಕ್ಕೆ ಬೇರೆ ಒಂದು ಹಳೆಯ ಬಕೆಟ್, ಕೈಗವಸಿನಂಥ ಮೈಕ್ರೋಫೈಬರ್ ವಾಶ್ ಮಿಟ್, ಟಯರ್ ಬ್ರಷ್, ಕಾರ್ ಶಾಂಪೂ, ನೀರು ಹೀರುವ ದಪ್ಪ ಡ್ರೈಯಿಂಗ್ ಟವೆಲ್, 300-400 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಮೈಕ್ರೋಫೈಬರ್ ಬಟ್ಟೆ ನಾಲ್ಕು. ಬಕೆಟ್ ತಳಕ್ಕೆ ಕೂರಿಸುವ ಗ್ರಿಟ್ ಗಾರ್ಡ್ ಎಂಬ ಜಾಲರಿ ಸಿಕ್ಕರೆ ತನ್ನಿ. ಮರಳು ಅದರ ಕೆಳಗೆ ಕೂರುತ್ತದೆ, ಮಿಟ್ ಅದ್ದಿದಾಗ ಮತ್ತೆ ಮೇಲೆ ಏಳುವುದಿಲ್ಲ.

ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ, ತಲೆಗೆ ಹಾಕುವ ಶಾಂಪೂ ಯಾವುದೂ ಬೇಡ. ಪಾತ್ರೆಯ ಲಿಕ್ವಿಡ್ ಇರುವುದೇ ಜಿಡ್ಡು ಬಿಡಿಸಲು. ಕಾರಿನ ವ್ಯಾಕ್ಸ್ ಪದರವನ್ನೂ ಅದು ಬಿಡಿಸುತ್ತದೆ. ಬಟ್ಟೆ ಪುಡಿ ಕ್ಷಾರ, ಸರಿಯಾಗಿ ಕರಗದ ಹರಳು ಗೀರುತ್ತದೆ. ಹಳೆಯ ಬನಿಯನ್ನಿನ ಹೊಲಿಗೆ, ಪಂಚೆಯ ಅಂಚು, ಶರ್ಟಿನ ಗುಂಡಿ, ಇವೂ ಬಣ್ಣಕ್ಕೆ ಶತ್ರುಗಳೇ.

1. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ, ನೆರಳಲ್ಲಿ ತೊಳೆಯಿರಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ಬಿಸಿ ಅನ್ನಿಸಬಾರದು. ಓಡಿಸಿ ತಂದ ಕಾರಿನ ಡಿಸ್ಕ್ ಸುಡುತ್ತಿರುತ್ತದೆ, ಅದಕ್ಕೆ ತಣ್ಣೀರು ಎರಚಿದರೆ ಡಿಸ್ಕ್ ಸೊಟ್ಟಗಾಗುವ ಸಾಧ್ಯತೆ ಇದೆ. ಅರ್ಧ ಗಂಟೆ ಬಿಡಿ.

2. ಚಕ್ರದಿಂದ ಶುರುಮಾಡಿ. ಅಲ್ಲಿಯ ಕಪ್ಪುಪುಡಿ ಬ್ರೇಕ್ ಪ್ಯಾಡಿನದು, ಲೋಹದ ಕಣ ಬೆರೆತದ್ದು. ಅದು ಬಾಡಿಯ ಬಕೆಟ್ಟಿಗೆ ಬರಬಾರದು. ಮಡ್‌ಗಾರ್ಡ್ ಒಳಗೆ ಕೈ ಹಾಕಿ ಅಂಚಿನ ಮಡಿಕೆಯಲ್ಲಿ ಕೂತ ಕೆಸರು ಕೆದಕಿ ತೆಗೆಯಿರಿ.

3. ಇಡೀ ಕಾರಿನ ಮೇಲೆ ರೂಫಿನಿಂದ ಕೆಳಕ್ಕೆ ನೀರು ಇಳಿಸಿ. ಪ್ರೆಷರ್ ವಾಷರ್ ಇಲ್ಲದಿದ್ದರೆ ಮಗ್ಗಿನಲ್ಲಿ ಅಥವಾ ಗಿಡಕ್ಕೆ ಹಾಕುವ ಝಾರಿಯಲ್ಲಿ. ಈ ಹಂತದಲ್ಲಿ ಕೈ ಹಾಕಬೇಡಿ. ಹತ್ತು ಲೀಟರ್ ಇಲ್ಲೇ ಖರ್ಚಾಗಲಿ, ಮುಂದೆ ಗೀರು ತಪ್ಪಿಸುವುದು ಈ ನೀರೇ.

4. ಒಂದು ಬಕೆಟ್ಟಿಗೆ 10 ಲೀಟರ್ ನೀರು, ಬಾಟಲಿ ಮೇಲೆ ಬರೆದಷ್ಟೇ ಶಾಂಪೂ. ಹೆಚ್ಚು ಹಾಕಿದರೆ ನೊರೆ ಹೆಚ್ಚುತ್ತದೆಯೇ ಹೊರತು ಕೊಳೆ ಹೆಚ್ಚು ಹೋಗುವುದಿಲ್ಲ, ತೊಳೆಯಲು ನೀರು ಮಾತ್ರ ಹೆಚ್ಚು ಬೇಕು. ಇನ್ನೊಂದು ಬಕೆಟ್ಟಿನಲ್ಲಿ ಬರಿ ನೀರು.

5. ಮಿಟ್ಟನ್ನು ಶಾಂಪೂವಿನಲ್ಲಿ ಅದ್ದಿ ರೂಫಿನಿಂದ ಆರಂಭಿಸಿ. ಆಮೇಲೆ ಗಾಜು, ಬಾನೆಟ್, ಡಿಕ್ಕಿ, ಬಾಗಿಲ ಮೇಲರ್ಧ. ಬಾಗಿಲ ಕೆಳಭಾಗ ಮತ್ತು ಹಿಂದಿನ ಬಂಪರ್ ಕೊನೆಗೆ. ಚಕ್ರ ಎರಚಿದ ಮರಳೆಲ್ಲ ಅಲ್ಲಿರುತ್ತದೆ. ಸುತ್ತ ತಿರುಗಿಸದೆ ಉದ್ದಕ್ಕೆ, ನೇರವಾಗಿ ಎಳೆಯಿರಿ, ಕೈಯ ಭಾರ ಹಾಕಬೇಡಿ. ಒಂದು ಭಾಗ ಆದ ತಕ್ಷಣ ಮಿಟ್ಟನ್ನು ಬರಿ ನೀರಿನ ಬಕೆಟ್ಟಿನಲ್ಲಿ ಜಾಲಿಸಿ ಹಿಂಡಿ, ಆಮೇಲೆ ಶಾಂಪೂವಿಗೆ ಅದ್ದಿ. ಕೆಲಸ ಮುಗಿದಾಗ ಬರಿ ನೀರಿನ ಬಕೆಟ್ ತಳ ನೋಡಿ: ಅಲ್ಲಿ ಕೂತ ಮರಳೆಲ್ಲ ಒಂದೇ ಬಕೆಟ್ ಇಟ್ಟುಕೊಂಡಿದ್ದರೆ ಬಣ್ಣದ ಮೇಲೆ ಉಜ್ಜಿಹೋಗುತ್ತಿತ್ತು.

6. ಒಂದು ಕಡೆ ಮುಗಿಸಿದ ಕೂಡಲೇ ಆ ಕಡೆಯ ನೊರೆ ತೊಳೆದುಬಿಡಿ. ಒಣಗಿದ ಶಾಂಪೂ ಕಲೆ ಬಿಡುತ್ತದೆ.

7. ಟವೆಲ್ಲನ್ನು ಬಾನೆಟ್ ಮೇಲೆ ಹಾಸಿ, ಒತ್ತಿ, ಎತ್ತಿ. ಉಜ್ಜುವ ಅಗತ್ಯವಿಲ್ಲ. ಮಿರರ್ ಸಂದು, ಪೆಟ್ರೋಲ್ ಮುಚ್ಚಳದ ಒಳಗೆ, ನಂಬರ್ ಪ್ಲೇಟ್ ಹಿಂದೆ ನೀರು ನಿಂತಿರುತ್ತದೆ, ಸಣ್ಣ ಬಟ್ಟೆಯಲ್ಲಿ ತೆಗೆಯಿರಿ.

8. ಬಾಗಿಲು ತೆರೆದು ಕೆಳ ಅಂಚಿನ ಸಣ್ಣ ತೂತುಗಳನ್ನು ನೋಡಿ. ಬಾಗಿಲೊಳಗೆ ಇಳಿದ ನೀರು ಹೊರಹೋಗುವ ದಾರಿ ಅದು. ಮಣ್ಣು ಕಟ್ಟಿದ್ದರೆ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಮುಂದಿನ ಗಾಜಿನ ಬುಡದಲ್ಲಿ ವೈಪರ್ ಅಡಿಯ ಜಾಲರಿಯಲ್ಲಿ ಸೇರಿದ ಎಲೆ, ಹೂವು ಆರಿಸಿ ತೆಗೆಯಿರಿ. ಮಳೆಗಾಲದಲ್ಲಿ ಕಾಲಡಿಯ ಕಾರ್ಪೆಟ್ ಒದ್ದೆಯಾಗಿದೆ ಎಂದು ಬರುವ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ.

9. ಕೊನೆಗೆ ಕಾರನ್ನು ಒಂದು ಸುತ್ತು ಓಡಿಸಿ, ನಾಲ್ಕಾರು ಸಲ ಮೆತ್ತಗೆ ಬ್ರೇಕ್ ಒತ್ತಿ. ಒದ್ದೆ ಡಿಸ್ಕಿನೊಂದಿಗೆ ಹ್ಯಾಂಡ್‌ಬ್ರೇಕ್ ಎಳೆದು ಎರಡು ದಿನ ನಿಲ್ಲಿಸಿದರೆ ಪ್ಯಾಡ್ ಹಿಡಿದುಕೊಳ್ಳುತ್ತದೆ.

ಬಳಸಿದ ಮೈಕ್ರೋಫೈಬರನ್ನು ಬೇರೆ ಬಟ್ಟೆಗಳ ಜೊತೆ ಮೆಷಿನ್ನಿಗೆ ಹಾಕಬೇಡಿ, ಹತ್ತಿಯ ನೂಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಮೆದುವಾಗಲು ಹಾಕುವ ಕಂಡೀಷನರ್ ಕೂಡ ಬೇಡ. ಎಳೆಗಳ ಮೇಲೆ ಪದರ ಕೂತು ನೀರು ಹೀರುವ ಗುಣವೇ ಹೋಗುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಆ ದಿನ ಮತ್ತೆ ಬಣ್ಣಕ್ಕೆ ತಾಗಿಸಬೇಡಿ.

ನೀರೇ ಇಲ್ಲದ ಬೇಸಿಗೆಯಲ್ಲಿ ರಿನ್ಸ್‌ಲೆಸ್ ವಾಶ್ ದ್ರಾವಣ ಕೈಹಿಡಿಯುತ್ತದೆ. ಏಳೂವರೆ ಲೀಟರ್ ನೀರಿಗೆ 30 ಮಿಲಿಲೀಟರ್ ಎನ್ನುವುದು ಇಂಥ ಹಲವು ದ್ರಾವಣಗಳ ಅಳತೆ. ಅದರಲ್ಲಿ ಏಳೆಂಟು ಬಟ್ಟೆ ನೆನೆಸಿಟ್ಟು, ಒಂದೊಂದು ಭಾಗಕ್ಕೂ ಹೊಸ ಮಗ್ಗುಲು ಬಳಸಿ ಒರೆಸಿ, ಒಣಬಟ್ಟೆಯಲ್ಲಿ ಹೀರಿಸಿದರೆ ಮುಗಿಯಿತು, ಮತ್ತೆ ತೊಳೆಯುವುದಿಲ್ಲ. ಸಣ್ಣ ಧೂಳಿಗೆ ಮಾತ್ರ ಇದು. ಕೆಸರಿದ್ದ ಕಾರಿಗೆ ಖಂಡಿತ ಬೇಡ.

ಹಟಮಾರಿ ಕಲೆಗಳು

ಹಕ್ಕಿಯ ಹಿಕ್ಕೆಯನ್ನು ಭಾನುವಾರದವರೆಗೆ ಬಿಡಬೇಡಿ. ಅದರ ಆಮ್ಲ ಬಿಸಿಲಿನ ಜೊತೆ ಸೇರಿ ಒಂದೆರಡು ದಿನದಲ್ಲೇ ಕ್ಲಿಯರ್ ಕೋಟಿನಲ್ಲಿ ಗುರುತು ಕೊರೆಯುತ್ತದೆ. ಒದ್ದೆ ಟಿಶ್ಯೂ ಹಾಸಿ ಐದು ನಿಮಿಷ ಬಿಟ್ಟು, ಹಾಗೇ ಎತ್ತಿ ತೆಗೆಯಿರಿ. ಹೈವೇಯಲ್ಲಿ ರಾತ್ರಿ ಓಡಿದಾಗ ಬಂಪರಿಗೆ ಅಂಟಿದ ಹುಳುಗಳಿಗೂ ಇದೇ ಉಪಾಯ, ಒದ್ದೆ ಟವೆಲ್ ಹತ್ತು ನಿಮಿಷ. ಮಳೆಮರದ ಅಂಟು, ಹೊಂಗೆ ಹೂವಿನ ಜಿಗುಟು ಉಗುರುಬೆಚ್ಚನೆ ಶಾಂಪೂ ನೀರಿಗೆ ಬಿಡುತ್ತದೆ. ಹೊಸ ಡಾಂಬರಿನ ಚುಕ್ಕೆಗೆ ಬಟ್ಟೆಯ ತುದಿಗೆ ಸ್ವಲ್ಪ ಸೀಮೆಎಣ್ಣೆ ತಾಗಿಸಿ ಒರೆಸಿ, ತಕ್ಷಣ ಶಾಂಪೂ ಹಾಕಿ ತೊಳೆಯಿರಿ.

ಬೇಸ್‌ಮೆಂಟ್ ಪಾರ್ಕಿಂಗಿನ ಛಾವಣಿಯಿಂದ ಸೋರುವ ನೀರು ಕಾಂಕ್ರೀಟಿನ ಸುಣ್ಣ ಕರಗಿಸಿಕೊಂಡು ಬರುತ್ತದೆ. ಬಾನೆಟ್ ಮೇಲೆ ಬಿದ್ದ ಬಿಳಿ ಇಳಿಜಾಡು ನೋಡಲು ಸಾದಾ ನೀರಿನ ಕಲೆಯಂತಿದ್ದರೂ ಬಣ್ಣ ತಿನ್ನುವ ಕ್ಷಾರ ಅದು. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಇಡಿ, ಆಮೇಲೆ ಧಾರಾಳ ನೀರು. ಬೋರ್‌ವೆಲ್ ನೀರಿನ ಉಂಗುರಗಳಿಗೂ ಇದೇ ಮದ್ದು. ಸೋರುವ ಜಾಗ ಸರಿಯಾಗುವವರೆಗೆ ಕಾರನ್ನು ಬೇರೆ ಕಡೆ ನಿಲ್ಲಿಸಿ.

ಆಯುಧಪೂಜೆಯ ದಿನ

ಹಬ್ಬದ ಹಿಂದಿನ ದಿನ ಸರ್ವೀಸ್ ಸ್ಟೇಷನ್ ಮುಂದೆ ಸಾಲು ರಸ್ತೆಗೆ ಬಂದಿರುತ್ತದೆ. ಅವತ್ತು ಒಂದೊಂದು ಕಾರಿಗೆ ಹತ್ತು ನಿಮಿಷವೂ ಸಿಗದು, ಬಟ್ಟೆ ತೊಳೆಯಲು ಯಾರಿಗೂ ಪುರುಸೊತ್ತಿರದು. ಮೂರ್ನಾಲ್ಕು ದಿನ ಮೊದಲೇ ಅಡಿಭಾಗ ತೊಳೆಸಿಕೊಂಡು ಬನ್ನಿ, ಹಬ್ಬದ ಬೆಳಗ್ಗೆ ಮನೆಯಲ್ಲೇ ಎರಡು ಬಕೆಟ್ ನೀರಲ್ಲಿ ಮುಗಿಸಿ.

ಅರಿಶಿನ, ಕುಂಕುಮ, ಗಂಧವನ್ನು ಗಾಜಿನ ಮೇಲೆ ಹಚ್ಚಿದರೆ ಒರೆಸಿದಾಗ ಪೂರ್ತಿ ಹೋಗುತ್ತದೆ. ಬಿಳಿ ಬಾನೆಟ್ಟಿಗೆ ಹಚ್ಚಿ ಎರಡು ದಿನ ಬಿಟ್ಟರೆ ಹಳದಿ ಉಳಿಯಬಹುದು. ಉಳಿದರೆ ಪೆಟ್ರೋಲು, ಥಿನ್ನರ್ ಹಾಕಿ ಉಜ್ಜಬೇಡಿ. ಶಾಂಪೂವಿನಲ್ಲಿ ತೊಳೆದು ಬಿಸಿಲಿಗೆ ನಿಲ್ಲಿಸಿ. ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಹಾರ ಕಟ್ಟುವಾಗ ತಂತಿ ಬೇಡ, ನೂಲಿನಲ್ಲಿ ಕಟ್ಟಿ ಗ್ರಿಲ್ಲಿಗೆ ಬಿಗಿಯಿರಿ. ಗಾಳಿಗೆ ಅಲ್ಲಾಡುವ ತಂತಿಯ ತುದಿ ಒಂದೇ ಮೆರವಣಿಗೆಯಲ್ಲಿ ಬಂಪರನ್ನು ಕೆರೆದುಬಿಡುತ್ತದೆ. ಬಾಳೆಕಂದಿನ ರಸದ ಕಲೆ ಒಣಗಿದ ಮೇಲೆ ಹೋಗುವುದು ಕಷ್ಟ, ಕತ್ತರಿಸಿದ ತುದಿಗೆ ಕಾಗದ ಸುತ್ತಿ ಕಟ್ಟಿ. ಬೂದುಗುಂಬಳ ಒಡೆದ ಮೇಲೆ ಮಡ್‌ಗಾರ್ಡಿಗೆ ಸಿಡಿದ ರಸಕ್ಕೆ ಆಗಲೇ ಒಂದು ಮಗ್ ನೀರು ಹಾಕಿ.